ಕೆಂಚಣ್ಣ ತಂದ ಏಳು ಕೊರವ

ದೆವ್ವ ಭೂತದ ಮಾತು ಬಂದರೆ ಎದ್ದು ಹೋಗುತ್ತಿದ್ದವಳು ನಾನು. ಯಾರಾದರೂ ಕಣ್ಣಾರೆ ಕಂಡೆ ಎಂದರೆ, ಕನ್ನಡಕ ಹಾಕಿಕೊಂಡಿದ್ರಾ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀವು ನನ್ನನ್ನೂ ಹಾಗೆಯೇ ಕೇಳಬಹುದು. ಹಾಕಿಕೊಂಡಿದ್ದೆ.

ನನ್ನ ಕೆಲಸವೆಂದರೆ ನೀರಿನಲ್ಲಿ ಯಾರು ಯಾರನ್ನು ತಿನ್ನುತ್ತಾರೆ ಎಂದು ಲೆಕ್ಕ ಹಾಕುವುದು. ಪಾಚಿಯನ್ನು ಹುಳು, ಹುಳುವನ್ನು ಸಣ್ಣ ಮೀನು, ಅದನ್ನು ದೊಡ್ಡ ಮೀನು, ಆಮೇಲೆ ನಾವು. ಇಷ್ಟನ್ನೂ ಕಂಪ್ಯೂಟರಿಗೆ ಹಾಕಿದರೆ ಎಷ್ಟು ಮೀನು ಹಿಡಿಯಬಹುದು, ಯಾವ ತಿಂಗಳು ಬಲೆ ಬಿಡಬಾರದು ಎಂದು ಒಂದು ಅಂದಾಜು ಸಿಗುತ್ತದೆ. ಬಹಳ ವರ್ಷ ಕಡಲಿನ ಮೀನುಗಳ ಮೇಲೆ ಇದನ್ನೇ ಮಾಡಿದೆ. ನಮ್ಮೂರು ಸಾಸ್ವೆಹಳ್ಳಿ. ಊರಿನ ಸೆಳೆತಕ್ಕೆ ತಿರುಗಿ ಬಂದು ತ್ಯಾವಣಿಗೆ ಕಡೆಯ ಒಂದು ದೊಡ್ಡ ಕೆರೆಯ ಕೆಲಸ ಹಿಡಿದೆ. ಅಲ್ಲಿ ಮೀನು ಕಡಿಮೆಯಾಗುತ್ತಿತ್ತು. ಹಿಡಿಯುವವರೇ ಬಂದು ಕೇಳಿದ್ದರು.

ಮೀನು ಏನು ತಿಂದಿದೆ ಎಂದು ತಿಳಿಯಲು ಹೊಟ್ಟೆ ಕೊಯ್ದು ನೋಡಬೇಕು. ಮೀನು ತಂದುಕೊಡುತ್ತಿದ್ದವನು ಕೆಂಚಣ್ಣ. ಐವತ್ತು ದಾಟಿದವನು, ಮಾತು ಕಡಿಮೆ. ಬೆಳಿಗ್ಗೆ ತೆಪ್ಪದಲ್ಲಿ ಹೋಗಿ ಹಿಡಿದದ್ದನ್ನು ಏರಿಯ ಕಲ್ಲಿನ ಮೇಲಿದ್ದ ನನ್ನ ಬಿಳಿ ಬಕೆಟ್ಟಿಗೆ ಹಾಕಿ ಹೋಗುತ್ತಿದ್ದ. ಎಲ್ಲಿ ಹಿಡಿದದ್ದೆಂದು ಬರೆಯಲು ಅವನಿಗೆ ಬಾರದು. ಅದಕ್ಕೆ ಕಿವಿರಿಗೆ ನೀಲಿ ದಾರ ಪೋಣಿಸಿ ಗಂಟು ಹಾಕುತ್ತಿದ್ದ. ದಡದ ಮೀನಿಗೆ ಒಂದು, ನಡುಗೆರೆಯದಕ್ಕೆ ಎರಡು, ತೂಬಿನ ಹತ್ತಿರದ ಆಳದ್ದಕ್ಕೆ ಮೂರು. ಬಲಗೈಯ ಎರಡು ಬೆರಳು ಮೊಂಡಾಗಿದ್ದರಿಂದ ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಿದ್ದ. ದಾರದ ತುದಿ ಯಾವಾಗಲೂ ಜಗಿದು ಚಪ್ಪಟೆ. ಇದೇ ನಿನ್ನ ಸಹಿ ಕಣಣ್ಣ ಎಂದು ರೇಗಿಸುತ್ತಿದ್ದೆ.

ಕೊನೆಗೆ ಒಂದೇ ಒಂದು ಜಾಗ ಖಾಲಿ ಉಳಿಯಿತು. ಆಳದ ಕೊರವ ಮೀನು ಏನು ತಿನ್ನುತ್ತದೆ? ಕೊರವ ಆ ಕೆರೆಯ ಹುಲಿ. ಅದು ತಿಳಿಯದೆ ಉಳಿದ ಲೆಕ್ಕ ಕೂಡುತ್ತಿರಲಿಲ್ಲ.

ಅದು ಬೇಕೆಂದಾಗ ಕೆಂಚಣ್ಣ, "ತೂಬಿನ ಕಡೆ ಗಾಳಿ ಭಾಳ ಐತವ್ವ, ನಾಕು ದಿನ ತಡಿ" ಎಂದ.

ನನಗೆ ವರದಿ ಮುಗಿಸುವ ಅವಸರ. ಏಳೇ ಏಳು ಸಾಕು, ಅಷ್ಟಕ್ಕೂ ಹಿಂಗಂದರೆ ಹೆಂಗಣ್ಣ ಎಂದು ಮುಖ ಊದಿಸಿಕೊಂಡೆ. ಆತು ಬಿಡು, ತರ್ತೀನಿ ಎಂದು ಹೋದ.

ಮರುದಿನ ತೆಪ್ಪ ಮಾತ್ರ ದಡಕ್ಕೆ ಬಂತು. ಕೆಂಚಣ್ಣ ಸಿಕ್ಕಿದ್ದು ಮೂರನೆಯ ದಿನ. ಮುಖದ ಬಟ್ಟೆ ತೆಗೆಯದೆ, ಹೊದಿಸಿದಂತೆಯೇ ತಂದರು. ಅವನ ಹೆಂಡತಿ ಹನುಮಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೂರು ದಿನ ನೀರಲ್ಲಿದ್ದವನನ್ನು ಮೀನು ಬಿಟ್ಟಾವಾ ಎಂದು ಯಾರೋ ಆಡಿದ್ದು ಅವಳ ಕಿವಿಗೆ ಬಿದ್ದಿತ್ತು. ಅಂದಿನಿಂದ ಊಟ ಬಿಟ್ಟು ಮೂಲೆ ಹಿಡಿದಳು.

ಕರ್ಮ ಮುಗಿಯುವ ತನಕ ಯಾರೂ ಕೆರೆಗೆ ಇಳಿಯುವಂತಿರಲಿಲ್ಲ. ತೆಪ್ಪಗಳನ್ನೆಲ್ಲ ಬೋರಲು ಹಾಕಿದ್ದರು. ನನ್ನ ಬಕೆಟ್ಟನ್ನೂ ನಾನೇ ತೊಳೆದು ಕಲ್ಲಿನ ಮೇಲೆ ಬೋರಲು ಹಾಕಿದ್ದೆ. ಒಂಬತ್ತನೆಯ ದಿನ ಬೆಳಿಗ್ಗೆ, ಈ ಕೆಲಸವೇ ಬೇಡವೆಂದು ಅದನ್ನು ತರಲು ಹೋದೆ. ಬಕೆಟ್ ನೆಟ್ಟಗೆ ನಿಂತಿತ್ತು. ಒಳಗೆ ಏಳು ಕೊರವ, ಕಿವಿರು ಇನ್ನೂ ಆಡುತ್ತಿತ್ತು. ಒಂದೊಂದಕ್ಕೂ ನೀಲಿ ದಾರ, ಮೂರು ಗಂಟು. ತುದಿ ಜಗಿದು ಚಪ್ಪಟೆಯಾಗಿತ್ತು.

ಮೊದಲು ಸಿಟ್ಟೇ ಬಂತು. ಯಾರು ಈ ಕುಚೋದ್ಯ ಮಾಡಿದ್ದು ಎಂದು ಮನೆ ಮನೆ ಕೇಳಿದೆ. ತೆಪ್ಪಗಳ ಅಡಿಯ ಹುಲ್ಲು ಒಣಗಿಯೇ ಇತ್ತು, ಯಾವುದೂ ನೀರಿಗೆ ಇಳಿದಿರಲಿಲ್ಲ. ಅದೂ ಇರಲಿ, ಏಳು ಎಂದು ನಾನು ಹೇಳಿದ್ದು ಅವನೊಬ್ಬನಿಗೆ.

ಮುಚ್ಚಿಡಲು ಮನಸ್ಸಾಗದೆ ಬಕೆಟ್ಟನ್ನು ಹನುಮಕ್ಕನ ಮುಂದೆ ತಂದಿಟ್ಟೆ. ಅವಳು ದಾರದ ತುದಿಯನ್ನು ಬೆರಳಲ್ಲಿ ಸವರಿ ನೋಡಿದಳು. ಆಮೇಲೆ ಕೊಯ್ಯಿ ಎಂದಳು. ನನ್ನಿಂದಾಗದು ಎಂದೆ. ಅವಳ ಕಿವಿಗೆ ಬಿದ್ದಿದ್ದ ಆ ಮಾತಿನ ಭಯ ನನಗೂ ಇತ್ತು.

"ಕೊಯ್ಯವ್ವ. ಒಳಗೇನೈತೆ ಅಂತ ನೋಡಾಕೇ ಅಲ್ವಾ ಅವ್ರು ಹೋಗಿದ್ದು? ನಾನೂ ನೋಡ್ತೀನಿ."

ಕೊಯ್ದೆ. ಸಿಗಡಿ, ಬೆರಳುದ್ದದ ಮೀನು, ಕಪ್ಪೆಮರಿ. ಒಂದೊಂದನ್ನೂ ಅವಳು ತಾನೇ ತಟ್ಟೆಯಲ್ಲಿ ಹರಡಿ ನೋಡಿದಳು. ಏಳನೆಯದೂ ಮುಗಿದ ಮೇಲೆ "ಏನಿಲ್ಲ" ಎಂದಳು. ಅಷ್ಟು ದಿನದಲ್ಲಿ ಮೊದಲ ಸಲ ಬಾಯಿಬಿಟ್ಟು ಅತ್ತಳು. ಮಧ್ಯಾಹ್ನ ಪಕ್ಕದ ಮನೆಯವರು ತಂದ ಅನ್ನ ಉಂಡಳು. ಅಷ್ಟು ದಿನದ ಹಿಂದೆ ತಿಂದದ್ದು ಯಾವ ಮೀನಿನ ಹೊಟ್ಟೆಯಲ್ಲೂ ಉಳಿದಿರುವುದಿಲ್ಲ. ಅದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಆ ಏಳರಿಂದ ಲೆಕ್ಕ ಕೂಡಿತು. ಮರಿಯಾಗುವ ತಿಂಗಳುಗಳಲ್ಲಿ ತೂಬಿನ ಕಡೆ ಬಲೆ ಬಿಡುವುದನ್ನು ಊರವರು ನಿಲ್ಲಿಸಿದರು. ಮೀನು ಮತ್ತೆ ಕಾಣಿಸುತ್ತಿದೆ. ವರದಿಯ ಪಟ್ಟಿಯಲ್ಲಿ ಮೀನು ತಂದವರು ಎಂಬಲ್ಲಿ ಕೆಂಚಣ್ಣನ ಹೆಸರು ಬರೆದೆ, ತಾರೀಖಿನ ಜಾಗದಲ್ಲಿ ಆ ಬೆಳಗಿನದು. ವರದಿ ನೋಡಿದವರೊಬ್ಬರು, ಈ ವ್ಯಕ್ತಿ ಅಷ್ಟರಲ್ಲಾಗಲೇ ತೀರಿಕೊಂಡಿದ್ದರಲ್ಲ, ಹೆಸರು ತಪ್ಪೋ ತಾರೀಖು ತಪ್ಪೋ ತಿಳಿಸಿ ಎಂದು ಕಾಗದ ಬರೆದರು.

ಹನುಮಕ್ಕನನ್ನು ಕೇಳಿದೆ. ಹೇಳಿದ್ದನ್ನು ತಂದುಕೊಟ್ಟಾರೆ, ಹೆಸರು ಇರ್ಲಿ ಎಂದಳು. ತಾರೀಖೂ ಸುಳ್ಳಲ್ಲ. ಏಳು ದಾರಗಳ ಜೊತೆ ಆ ಕಾಗದ ನನ್ನ ಮೇಜಿನ ಡ್ರಾಯರಿನಲ್ಲಿದೆ. ನಾಕು ದಿನ ತಡಿ ಎಂದರೆ ತಡೆಯಲಾರದವಳು, ಅದಕ್ಕೆ ಉತ್ತರ ಬರೆಯದೆ ಆರು ವರ್ಷ ತಡೆದಿದ್ದೇನೆ.