ಮಗ್ಗ ನಿಂತಾಗ ಓದಿದ ಕಾದಂಬರಿಗಳು

ಹಳೆಯ ಕಾಲದ ಒಬ್ಬ ವಿಜ್ಞಾನ ಕಾದಂಬರಿಕಾರ ಬರೆದ ರಾಶಿ ಪುಸ್ತಕಗಳಲ್ಲಿ ನನಗೆ ಹಿಡಿಸಿದವು ಮೂರೇ. ನಕ್ಷತ್ರಗಳ ಯುದ್ಧದ ದಪ್ಪ ಪುಸ್ತಕವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದರ ತಲೆಬುಡ ತಿಳಿಯಲಿಲ್ಲ. ನನ್ನ ಮೊದಲ ಮೆಚ್ಚಿನದು ಸಮುದ್ರದ ತಳದಲ್ಲಿ ಶಾಲೆ ನಡೆಸುವವಳ ಕಥೆ. ಎರಡನೆಯದು ಮುನಿಸಿಕೊಂಡು ಮೂಲೆ ಸೇರುವ ಯಂತ್ರದ್ದು. ಅದರ ಸ್ವಭಾವ ನನ್ನದೇ ಎಂದು ಅವ್ವ ನಗುತ್ತಿದ್ದಳು. ಮೂರನೆಯದು ಅಪ್ಪನಿಂದಾಗಿ ನನ್ನದಾಯಿತು.

ಬನಹಟ್ಟಿಯ ನಮ್ಮ ಮನೆಯಲ್ಲೇ ನಾಲ್ಕು ಪಾವರ್‌ಲೂಮ್. ಅವು ಓಡುವಾಗ ಕೂಗಿದರೂ ಕೇಳದು. ತುಟಿ ನೋಡಿಯೇ ಮಾತಾಡುತ್ತಿದ್ದೆವು. ಕರೆಂಟ್ ಹೋಗಿ ಮಗ್ಗ ನಿಂತರೆ ಅಪ್ಪ ಕಟ್ಟೆಗೆ ಬಂದು ಕೂತು, "ಓದವಾ" ಅನ್ನುತ್ತಿದ್ದ. ಕರೆಂಟ್ ಬಂದರೆ ವಾಕ್ಯದ ನಡುವೆಯೇ ಎದ್ದು ಹೋಗುತ್ತಿದ್ದ.

ಮೂರನೆಯ ಕಾದಂಬರಿಯಲ್ಲಿ ದೂರದ ಗ್ರಹದ ಕೆಟ್ಟ ದೀಪಸ್ತಂಭವನ್ನು ರಿಪೇರಿ ಮಾಡಲು ಒಬ್ಬ ಹೋಗುತ್ತಾನೆ. ಭೂಮಿಯಲ್ಲಿ ಹೆಂಡತಿ ಕಾಯುತ್ತಾಳೆ. "ಇಂವಾ ನಮ್ಮಂಗ ಕೈಕೆಲಸದಾಂವ" ಎಂದು ಅಪ್ಪನಿಗೆ ಖುಷಿ. ಕೊನೆಯ ಹತ್ತು ಪುಟ ಉಳಿದಿದ್ದಾಗ ನನಗೆ ಮುಧೋಳದ ಶಾಲೆಯಲ್ಲಿ ನೌಕರಿ ಸಿಕ್ಕಿತು. ಫೋನಿನಲ್ಲಿ ಕಥೆ ಹೇಳಹೋದರೆ, "ಬ್ಯಾಡ, ಬಂದು ಓದು" ಎಂದ. ಊರಿಗೆ ಬರುತ್ತಿದ್ದೆ, ಓದುತ್ತಿರಲಿಲ್ಲ. ನನ್ನದೇ ಆಲಸ್ಯ, ಯಾರನ್ನು ಬೈಯಲಿ.

ಕಳೆದ ವರ್ಷ ಅಪ್ಪನನ್ನು ಜಮಖಂಡಿಯ ಆಸ್ಪತ್ರೆಗೆ ಸೇರಿಸಿದಾಗ ಪುಸ್ತಕ ಒಯ್ದೆ. ಅಷ್ಟೊತ್ತಿಗೆ ಮಗ್ಗದ ಸದ್ದಿಗೆ ಅವನ ಕಿವಿ ಪೂರ್ತಿ ಹೋಗಿತ್ತು. ವಾರ್ಡಿನಲ್ಲಿ ಕೂಗಿ ಓದುವಂತಿರಲಿಲ್ಲ. ದನಿ ತೆಗೆಯದೆ ತುಟಿಯಲ್ಲೇ ಓದಿದೆ. ಅಪ್ಪ ನನ್ನ ಬಾಯಿಯನ್ನೇ ನೋಡುತ್ತ ಮಲಗಿದ್ದ. ಕೊನೆಯ ಪುಟದಲ್ಲಿ ಆ ಮನುಷ್ಯ ಅಲ್ಲೇ ಸಾಯುತ್ತಾನೆ. ನನಗೆ ಧೈರ್ಯ ಸಾಲಲಿಲ್ಲ. ದೀಪ ಹತ್ತಿತು, ಅವನು ಮನೆಗೆ ಬಂದ ಎಂದುಬಿಟ್ಟೆ.

"ಸುಳ್ಳ ಹೇಳಬ್ಯಾಡವಾ," ಎಂದ ಅಪ್ಪ. "ಪುಸ್ತಕ ನೋಡದನ ಓದಾಕತ್ತಿ ನೀ."

ಇದ್ದದ್ದನ್ನು ಓದಿದೆ. ಅಳು ಬಂದು ತುಟಿ ನಡುಗುತ್ತಿತ್ತು, ಒಂದೊಂದು ವಾಕ್ಯವನ್ನು ಎರಡೆರಡು ಸಲ ಓದಬೇಕಾಯಿತು. ಅಪ್ಪ ಅಳಲಿಲ್ಲ. ಇಷ್ಟೇ ಕೇಳಿದ:

"ಅಕಿಗೆ ಯಾರ ಹೇಳಿದ್ರು?"

ಹೆಂಡತಿಗೆ ಯಾರು ಹೇಳಿದರೆಂದು ಪುಸ್ತಕದಲ್ಲಿ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅಪ್ಪ ತೀರಿಕೊಂಡ. ನಾನು ಮನೆ ಮುಟ್ಟಿದಾಗ ಅವ್ವ ಆಸ್ಪತ್ರೆಗೆ ಒಯ್ಯಲು ಡಬ್ಬಿಗೆ ಗಂಜಿ ಹಾಕುತ್ತಿದ್ದಳು. ಅವಳಿಗೆ ಹೇಳಿದವಳು ನಾನೇ.