ಸಾಹೇಬನಿಲ್ಲದ ಊರಿಗೊಂದು ನಿವೇದನ

ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿದ್ದ ಕಾಲ. ಮಿರಜದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನಾನು ಹಿರಿಯ ಕೆಮಿಸ್ಟ್ ಆಗಿದ್ದೆ. ಪರದೇಶಕ್ಕೆ ಹೋಗುವ ದ್ರಾಕ್ಷಿ, ಒಣದ್ರಾಕ್ಷಿ, ಅರಿಶಿನಗಳಲ್ಲಿ ಸಿಂಪಡಿಸಿದ ಔಷಧ ಎಷ್ಟು ಉಳಿದಿದೆ ಎಂದು ಅಳೆಯುವುದು ಕೆಲಸ. ಆ ಉಳಿಕೆ ಎಷ್ಟರವರೆಗೆ ಇರಬಹುದು ಎಂಬ ಮಿತಿಗೆ ಎಂ.ಆರ್.ಎಲ್. ಎನ್ನುತ್ತೇವೆ. ಯುರೋಪ್ ಒಕ್ಕೂಟದ ಮಿತಿಗಳ ಪಟ್ಟಿ ಹತ್ತೊಂಬತ್ತು ವರ್ಷ ನನ್ನ ಮೇಜಿನ ಗಾಜಿನ ಕೆಳಗಿತ್ತು. ಆ ಅಂಕಿಗಳನ್ನು ಯಾರು, ಎಲ್ಲಿ ಕೂತು ಬರೆಯುತ್ತಾರೆ ಎಂದು ಒಂದು ದಿನವೂ ಕೇಳಿಕೊಂಡವಳಲ್ಲ. ಪಂಚಾಂಗದಲ್ಲಿ ಗ್ರಹಣ ನೋಡಿದ ಹಾಗೆ ನೋಡಿ, ವರದಿ ಬರೆದು, ಸಹಿ ಹಾಕಿ ಮನೆಗೆ ಹೋಗುತ್ತಿದ್ದೆ.

ಆ ಮೇ ತಿಂಗಳಲ್ಲಿ ಲಿಂಗನೂರಿನ ಧನಪಾಲ ಕಾಕಾ ಬಂದರು. ಜೈನ ಒಕ್ಕಲು ಮನೆತನ. ಎರಡು ಎಕರೆ ದ್ರಾಕ್ಷಿ ತೋಟ, ಅವರ ಮಾತಿನಲ್ಲಿ ಬಾಗು. ಹಣ್ಣನ್ನು ಶೆಡ್ಡಿನಲ್ಲಿ ಒಣಗಿಸಿ ಬೇದಾಣಾ, ಅಂದರೆ ಒಣದ್ರಾಕ್ಷಿ ಮಾಡಿ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದರು. ಮೂರು ವರ್ಷದ ಓಡಾಟದ ನಂತರ, ಮೊದಲ ಸಲ ಅವರ ಮಾಲು ಅವರದೇ ಹೆಸರಿನಲ್ಲಿ ಯುರೋಪಿಗೆ ಹೋಗುವುದಿತ್ತು. ಚಳಿಗಾಲಕ್ಕೆ ರವಾನೆ ಎಂದು ಮಾತಾಗಿತ್ತು.

ಅಷ್ಟರಲ್ಲಿ ಕೊಳ್ಳುವವರಿಂದ ಒಂದು ಇ-ಮೇಲ್. ದ್ರಾಕ್ಷಿ ಎಲೆಗೆ ಬೂಜು ಹಿಡಿಸುವ ದಾವಣ್ಯಾ ರೋಗಕ್ಕೆ ನಮ್ಮವರು ಹೊಡೆಯುವ ಒಂದು ಔಷಧದ ಮಿತಿಯನ್ನು ಕಿಲೋಗೆ 0.01 ಮಿಲಿಗ್ರಾಮಿಗೆ ಇಳಿಸುವ ಕರಡು ಹೊರಬಿದ್ದಿದೆ. ಚಳಿಗಾಲದ ಹೊತ್ತಿಗೆ ಜಾರಿಯಾಗಬಹುದು ಎಂದಿತ್ತು. ಕಾಕಾನ ಮಾಲು ಹಳೆಯ ಮಿತಿಯೊಳಗೆ ಆರಾಮವಾಗಿ ಇತ್ತು. ಹೊಸದರಲ್ಲಿ ಖಂಡಿತ ಬೀಳುತ್ತಿತ್ತು. ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ ಆಗುವಾಗ ನೀರು ಹೋಗುತ್ತದೆ, ಔಷಧದ ಉಳಿಕೆ ಬಹುಮಟ್ಟಿಗೆ ಅಲ್ಲೇ ಕೂರುತ್ತದೆ. ಒಣಗಿಸಿಟ್ಟಿದ್ದನ್ನು ತಿರುಗಿ ಬಳ್ಳಿಗೆ ಹಚ್ಚಲಿಕ್ಕೆ ಬರುತ್ತದೆಯೇ?

“ಇದನ್ನ ಮಾಡೂ ಸಾಹೇಬ ಯಾರ್ರಿ?” ಎಂದರು ಕಾಕಾ. “ಹೆಸರು ಹೇಳ್ರಿ ಸಾಕು, ನಿವೇದನ ಕೊಡ್ತೀವಿ.”

ನಮ್ಮ ಕಡೆ ಇದೇ ರೂಢಿ. ಏನೇ ಸಂಕಟವಿರಲಿ, ಊರೆಲ್ಲ ಸಹಿ ಮಾಡಿ, ಒಬ್ಬ ಸಾಹೇಬನ ಮುಂದೆ ನಿಂತು ನಿವೇದನ ಕೊಡಬೇಕು. ನನಗೂ ಬೇರೆ ದಾರಿ ತೋಚಲಿಲ್ಲ. ನಾಲ್ಕು ವಾರ ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದೆಂದು ಯುರೋಪ್ ಒಕ್ಕೂಟದ ಜಾಲತಾಣದಲ್ಲಿತ್ತು. ಇನ್ನೂರಾ ಹನ್ನೊಂದು ಸಹಿ ಬಂದವು. ಅದರಲ್ಲಿ ಕುರಿ ಕಾಯುವವರದ್ದು, ದ್ರಾಕ್ಷಿ ಬಳ್ಳಿಯೇ ಇಲ್ಲದವರದ್ದು, ಊರ ಕ್ಷೌರಿಕನದ್ದೂ ಇದ್ದವು! “ಮಾನ್ಯ ಸಾಹೇಬರಿಗೆ, ಸದರಿ ಆದೇಶ ಕೂಡಲೇ ರದ್ದು ಮಾಡಬೇಕು” ಎಂದು ನಾನೇ ಇಂಗ್ಲಿಷಿನಲ್ಲಿ ಬರೆದು, ಭಾರಿ ಕೆಲಸ ಮಾಡಿದವಳ ಹಾಗೆ ಏರಿಸಿಬಿಟ್ಟೆ.

ಮರುದಿನ ತೆರೆದು ನೋಡಿದರೆ ಅದು ಅಲ್ಲಿ ಒಂದೇ ಒಂದು ಅಭಿಪ್ರಾಯ. ಇನ್ನೂರಾ ಹನ್ನೊಂದಕ್ಕೂ ಸೇರಿ ಒಂದು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಆ ಸಿಟ್ಟಿನಲ್ಲೇ ಇಡೀ ವಾರ ಕೆಲಸ ಮುಗಿಸಿ ಕೂತು, ಈ ಮಿತಿ ಹುಟ್ಟುವುದು ಹೇಗೆ ಎಂದು ಓದಿದೆ. ಓದುತ್ತಾ ಸಿಟ್ಟು ಮರೆತೇಹೋಯಿತು. ಕರಡು ಬರೆಯುವುದು ಬ್ರಸೆಲ್ಸಿನಲ್ಲಿರುವ ಒಕ್ಕೂಟದ ಕಮಿಷನ್. ಅದು ಬರೆದರೆ ಮುಗಿಯಲಿಲ್ಲ. ಇಪ್ಪತ್ತೇಳು ದೇಶಗಳ ಪ್ರತಿನಿಧಿಗಳ ಸಮಿತಿ ಮತ ಹಾಕಬೇಕು. ಹದಿನೈದು ದೇಶಗಳಾದರೂ ಒಪ್ಪಬೇಕು, ಆ ದೇಶಗಳಲ್ಲಿ ಒಕ್ಕೂಟದ ನೂರಕ್ಕೆ ಅರವತ್ತೈದು ಜನ ಇರಬೇಕು. ಆಮೇಲೂ ಸಂಸತ್ತು ಬೇಡ ಎನ್ನಬಹುದು, ಸರ್ಕಾರಗಳ ಮಂತ್ರಿಗಳ ಮಂಡಳಿಯೂ ಬೇಡ ಎನ್ನಬಹುದು.

ಇದನ್ನು ಹೇಳಿದಾಗ ಕಾಕಾ ಹಣೆ ಉಜ್ಜಿಕೊಂಡರು. “ಅಂದ್ರ ನಮ್ಮ ಮ್ಹೈಸಾಳ ಕಾಲುವಿ ನೀರಿನ ಪಾಳಿ ಇದ್ದಂಗ ಅನ್ರಿ. ಒಂದ ಊರಿನವ ಹೋಗಿ ಗೇಟ್ ಎತ್ತಾಕ ಬರಂಗಿಲ್ಲ.”

“ಹೌದು ಕಾಕಾ. ಸಾಹೇಬ ಇಲ್ಲವೇ ಇಲ್ಲ.”

“ಅಯ್ಯಯ್ಯ! ಹಂಗಾರ ಬೈಯೂದು ಯಾರಿಗಿ?”

ಇಬ್ಬರೂ ನಕ್ಕೆವು. ಆದರೆ ಆ ಜಾಲತಾಣದಲ್ಲಿ ಬೇರೆಯವರ ಅಭಿಪ್ರಾಯಗಳೂ ಎಲ್ಲರಿಗೂ ಕಾಣುವಂತೆ ಇದ್ದವು. ಒಂದು ಯುರೋಪಿನದೇ ದ್ರಾಕ್ಷಿ ಬೆಳೆಗಾರ್ತಿಯದು. ಔಷಧ ಹೊಡೆಯುವವರಿಗೆ, ಅದರಲ್ಲೂ ಗರ್ಭಿಣಿಯರಿಗೆ ಅಪಾಯವಿರಬಹುದೆಂದು ಅಲ್ಲಿ ಅದನ್ನು ಆಗಲೇ ನಿಲ್ಲಿಸಿದ್ದರು. “ನಾವು ಬಿಟ್ಟಿದ್ದೇವೆ. ಹೊರಗಿನಿಂದ ಬರುವ ಹಣ್ಣಿಗೆ ಯಾಕೆ ವಿನಾಯಿತಿ?” ಎಂದು ಆಕೆ ಕೇಳಿದ್ದಳು. ಅದನ್ನು ಓದಿ ಹೇಳಿದೆ. ಕಾಕಾ ಜಗಳಕ್ಕೆ ನಿಲ್ಲುತ್ತಾರೆ ಅಂದುಕೊಂಡಿದ್ದೆ.

“ನಮ್ಮ ಸೊಸಿ ಬಸುರಿದ್ದಾಗ ಆಕಿನ್ನ ಬಾಗಿನಾಗ ಕಾಲಿಡಾಕ ಬಿಟ್ಟಿಲ್ರಿ ನಾನು,” ಎಂದರು. “ಆಕಿ ಹೇಳೂದು ಸುಳ್ಳಲ್ಲ. ರದ್ದು ಮಾಡ್ರಿ ಅಂತ ಇನ್ನ ಯಾವ ಬಾಯಿಲೆ ಕೇಳೂದು? ಮುಂದಿಂದು ಬಂದ್ ಮಾಡ್ಲಿ. ಮಾಡಿಟ್ಟಿದ್ದಷ್ಟ ಬಿಡ್ಲಿ.”

ಹಳೆಯ ಮಿತಿಯೊಳಗಿನ ಮಾಲು ತಿನ್ನುವವರಿಗೆ ಅಪಾಯವಿಲ್ಲ ಎಂದು ಕರಡಿನ ಜೊತೆಗಿದ್ದ ಟಿಪ್ಪಣಿಯೇ ಹೇಳುತ್ತಿತ್ತು. ಅದು ಇಲ್ಲದಿದ್ದರೆ ಎರಡನೆಯ ಪತ್ರಕ್ಕೆ ನಾನು ಕೈ ಹಾಕುತ್ತಿರಲಿಲ್ಲ. ಈ ಸಲ ಬೇಕಾದದ್ದು, ಮಾಲು ಮೊದಲೇ ಮಾಡಿಟ್ಟದ್ದು ಎಂಬುದಕ್ಕೆ ಪುರಾವೆ. ಅದು ಕಾಕಾನ ಅಡುಗೆಮನೆಯ ಗೋಡೆಯ ಮೇಲಿತ್ತು. ಹೆಂಡತಿ ಕಮಲಾಬಾಯಿ ಕ್ಯಾಲೆಂಡರಿನಲ್ಲಿ ಚಾಟಣಿ ಮಾಡಿದ, ಅಂದರೆ ಬಳ್ಳಿ ಸವರಿದ ದಿನ, ಔಷಧ ಹೊಡೆದ ದಿನ, ಕೊಯ್ದ ದಿನ, ಶೆಡ್ಡಿಗೆ ಹಾಕಿದ ದಿನ ಎಲ್ಲವನ್ನೂ ಕೆಂಪು ಪೆನ್ನಿನಲ್ಲಿ ಗುರುತಿಸಿದ್ದರು. ಅದರ ಜೊತೆಗೆ ನನ್ನ ಪ್ರಯೋಗಾಲಯದ ವರದಿ ಸೇರಿದರೆ ಪೂರ್ಣ.

ತೊಡಕು ಇದ್ದದ್ದು ಅಲ್ಲೇ. ವರದಿ ಜಗತ್ತಿಗೆಲ್ಲ ಕಾಣುತ್ತದೆ. ಕರಡು ಬದಲಾಗದಿದ್ದರೆ, ತಮ್ಮ ಮಾಲು ನಡೆಯುವುದಿಲ್ಲ ಎಂದು ಕಾಕಾ ತಾವೇ ಡಂಗುರ ಹೊಡೆಸಿದ ಹಾಗೆ. ಕೊಳ್ಳುವವರು ಕೂಡಲೇ ಕೈ ಬಿಡುತ್ತಿದ್ದರು. ಹೆಸರು ಮುಚ್ಚಿ ಕಳಿಸೋಣ ಎಂದೆ.

ಕಮಲಾಬಾಯಿ ಒಳಗಿನಿಂದಲೇ ಹೇಳಿದರು, “ಹೆಸರಿಲ್ಲದ ಚೀಟಿ ಯಾರ್ ನಂಬ್ತಾರ್ರಿ ಮ್ಯಾಡಮ್?”

ಕಾಕಾ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಕೊನೆಯ ದಿನಕ್ಕೆ ಎರಡು ದಿನ ಮೊದಲು ಎರಡು ಪುಟ ಕಳಿಸಿದೆ.

ಆಮೇಲೆ ತಿಂಗಳುಗಟ್ಟಲೆ ಕಾಯುವುದೇ ಕೆಲಸ. ಹದಿನೈದು ದಿನಕ್ಕೊಮ್ಮೆ ಕಾಕಾನ ಫೋನ್: “ಪಾಳಿ ಎಲ್ಲಿಗಿ ಬಂತ್ರಿ?” ಸಮಿತಿ, ಸಂಸತ್ತು, ಮಂಡಳಿ ಎಂದು ನಾನು ಹೇಳುತ್ತಿದ್ದೆ. ದೀಪಾವಳಿ ಮುಗಿದ ಮೇಲೆ ಅಂತಿಮ ನಿಯಮ ಬಂತು. ಮಿತಿಯ ಅಂಕಿ ಒಂದಿಷ್ಟೂ ಬದಲಾಗಿರಲಿಲ್ಲ, 0.01. ಆದರೆ ಕರಡಿನಲ್ಲಿ ಇಲ್ಲದ ಒಂದು ಕಲಂ ಸೇರಿತ್ತು: ಜಾರಿಯ ದಿನಕ್ಕಿಂತ ಮೊದಲು ತಯಾರಾದ ಮಾಲಿಗೆ ಹಳೆಯ ಮಿತಿಯೇ ಅನ್ವಯ. ಓದಿದವಳೇ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೆ. ಕಣ್ಣು ತುಂಬಿ ಬಂದವು, ಸುಳ್ಳು ಯಾಕೆ ಹೇಳಲಿ.

“ನಮ್ಮ ಹೆಸರು ಎಲ್ಲೈತ್ರಿ ಅದರಾಗ?” ಎಂದು ಕಾಕಾ ಕೇಳಿದರು. ಎಲ್ಲೂ ಇರಲಿಲ್ಲ. ನಮ್ಮ ಪತ್ರದಿಂದಲೇ ಆಯಿತೆಂದು ನಾನು ಇಂದಿಗೂ ಹೇಳಲಾರೆ. ಇದನ್ನೇ ಕೇಳಿದವರು ಬೇರೆ ದೇಶಗಳಲ್ಲೂ ಇದ್ದರು.

“ಇರ್ಲಿ ಬಿಡ್ರಿ. ಸಾಹೇಬನೂ ಸಿಗಲಿಲ್ಲ, ಹೆಸರೂ ಸಿಗಲಿಲ್ಲ. ಮಾಲು ಹೋಗ್ತೈತಲ್ಲ,” ಎಂದರು.

ಹೋಯಿತು. ಆ ಔಷಧದ ಉಳಿದ ಡಬ್ಬಿಗಳನ್ನು ಕಾಕಾ ಅಂಗಡಿಗೆ ಮರಳಿಸಿದರು. ನನ್ನ ಗಾಜಿನ ಕೆಳಗಿನ ಪಟ್ಟಿಯೂ ನನಗೆ ಬೇರೆಯಾಗಿ ಕಾಣತೊಡಗಿತು. ಪ್ರತಿ ಅಂಕಿಯ ಹಿಂದೆ ವಾದ ಮಾಡಿದವರು, ಸೋತವರು, ಒಪ್ಪಿಕೊಂಡವರು ಇದ್ದಾರೆ. ಅಲ್ಲಿ ಬಾಗಿಲು ಕೆಲವು ವಾರ ತೆರೆದಿರುತ್ತದೆ. ಒಳಗೆ ಹೋಗುವವರು ತಮಗೆ ಗೊತ್ತಿರುವ ನಿಜವನ್ನು, ಅದು ತಮಗೇ ತಿರುಗಿ ಬೀಳುವಂಥದ್ದಾದರೂ, ಕೈಯಲ್ಲಿ ಹಿಡಿದು ಹೋಗಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು.

ನನಗಿಂತ ಚೆನ್ನಾಗಿ ಕಲಿತವರು ಕಾಕಾ. ಮುಂದಿನ ವರ್ಷ ಇನ್ನೊಂದು ಔಷಧದ ಕರಡು ಬಂದಾಗ ಪಕ್ಕದ ಊರಿನವರು ಮುನ್ನೂರು ಸಹಿಯ ನಿವೇದನ ತಂದು ಅವರ ಕೈಗೆ ಕೊಟ್ಟರಂತೆ. ಅದನ್ನು ಅವರು ನನ್ನ ತನಕ ಬರಲೇ ಬಿಡಲಿಲ್ಲ.

“ಬರೇ ಸಹಿ ಅದಾವ್ರಿ ಮ್ಯಾಡಮ್,” ಎಂದರು ಫೋನಿನಲ್ಲಿ. “ಎಂದು ಹೊಡದ್ರು, ಎಷ್ಟ ಹೊಡದ್ರು, ಏನೂ ಬರದಿಲ್ಲ. ನಿಮ್ಮ ಮನೀ ಕ್ಯಾಲೆಂಡರ್ ತಗೊಂಡು ಬರ್ರಿ ಅಂತ ಹೇಳಿ ವಾಪಸ್ ಕಳಿಸೇನಿ.”