ಎಡಗೆನ್ನೆಗೆ ತಂದ ಬ್ರಷ್ಷು

ಚಾಮರಾಜಪೇಟೆಯ ನಾಗಭೂಷಣ್ ಗಡ್ಡ ಬಿಟ್ಟಿದ್ದನ್ನು ಕಂಡವರು ಯಾರೂ ಇರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿ ಶಿವರಂಜಿನಿಯೂ ಕಂಡಿರಲಿಲ್ಲ. ಬೆಳಿಗ್ಗೆ ಎದ್ದರೆ ಕ್ಷೌರ, ಆಮೇಲೆ ಸ್ನಾನ, ಆಮೇಲೆ ಲಿಂಗಪೂಜೆ, ತಿಂಡಿ, ಕೊನೆಗೆ ಚಿಕ್ಕಪೇಟೆಯಲ್ಲಿದ್ದ ಟವೆಲು-ಪಂಚೆಗಳ ಸಗಟು ಅಂಗಡಿ. ಇದರಲ್ಲಿ ಒಂದು ಹಿಂದೆಮುಂದಾದರೂ ಆಕಾಶ ಕಳಚಿ ಬೀಳುತ್ತದೆ ಎಂದು ನಂಬಿದ್ದ ಮನುಷ್ಯ. ಗಿರಾಕಿ ಗಡ್ಡ ಬಿಟ್ಟುಕೊಂಡು ಬಂದರೆ ಸಾಕು, "ಮನೇಲಿ ಎಲ್ರೂ ಚೆನ್ನಾಗಿದಾರಾ ಸಾರ್?" ಎಂದು ಸೂತಕದ ಮುಖ ಮಾಡಿ ವಿಚಾರಿಸುತ್ತಿದ್ದ.

ಪೂಜೆ ಮುಗಿದ ಮೇಲೆ ತಾಯಿ ಬಸವಮ್ಮನ ಮಂಚದ ಬಳಿ ಮಂಡಿಯೂರುವುದೂ ಆ ಕ್ರಮದಲ್ಲಿ ಸೇರಿತ್ತು. ಬಸವಮ್ಮನಿಗೆ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಕಿವಿಯೂ ಮಂದ. ಈಚೀಚೆಗೆ ನೆನಪೂ ಹಳೆಯ ಪಂಚೆಯ ಹಾಗೆ ಅಲ್ಲಲ್ಲಿ ಪಿಸಿಯತೊಡಗಿತ್ತು. ಮಗನ ದನಿ ಕೇಳಿದರೆ ತೀರಿಹೋದ ಗಂಡನೆಂದುಕೊಳ್ಳುತ್ತಿದ್ದಳು. ಆದರೆ ಎರಡೂ ಕೈಗಳಿಂದ ಅವನ ನುಣ್ಣನೆಯ ಕೆನ್ನೆ ಸವರಿದ ಕೂಡಲೇ ಎಲ್ಲ ಸರಿಹೋಗುತ್ತಿತ್ತು. "ಭೂಷಣಾ, ಅಂಗಡಿಗೆ ಹೊರಟ್ಯೇನಪ್ಪಾ?" ಎನ್ನುತ್ತಾ ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಿದ್ದಳು. ಅರವತ್ತು ದಾಟಿದ ಗಂಡಸಿಗೆ ಇದೇನು ಮುದ್ದು ಎಂದು ಶಿವರಂಜಿನಿ ರೇಗಿಸುತ್ತಿದ್ದಳು. ರೇಗಿಸಲಿ ಬಿಡಿ. ಅದಿಲ್ಲದೆ ಅವನಿಗೆ ದಿನ ಶುರುವಾಗುತ್ತಿರಲಿಲ್ಲ.

ಅಂಥವನ ಎಡಗೆನ್ನೆಗೆ ಸರ್ಪಸುತ್ತು ಬಂತು. ಡಾಕ್ಟರು ಮಾತ್ರೆ ಕೊಟ್ಟರು, ಶಿವರಂಜಿನಿ ಕೆಮ್ಮಣ್ಣು ಹಚ್ಚಿದಳು. ಸರ್ಪದ ತಲೆ ಬಾಲ ಕೂಡಿದರೆ ಆಯಸ್ಸು ಮುಗಿಯಿತು ಎಂದು ನೆರೆಹೊರೆಯವರು ಧೈರ್ಯ ಹೇಳಿಹೋದರು! ಗುಳ್ಳೆಗಳು ಒಣಗಿದವು, ಉರಿ ಮಾತ್ರ ಹೋಗಲಿಲ್ಲ. ನರ ಕೆಟ್ಟಿದೆ, ಹೋಗುವುದು ನಿಧಾನ ಎಂದರು ಡಾಕ್ಟರು. ಫ್ಯಾನಿನ ಗಾಳಿ ತಾಗಿದರೂ ಕೆನ್ನೆಯ ಮೇಲೆ ಕೆಂಡ ಇಟ್ಟಂತಾಗುತ್ತಿತ್ತು. ಇನ್ನು ನೈಲಾನ್ ಬ್ರಷ್ಷಿನ ಮಾತೆಲ್ಲಿ ಬಂತು? ಒಮ್ಮೆ ಧೈರ್ಯ ಮಾಡಿ ಕಟಿಂಗ್ ಶಾಪಿಗೆ ಹೋದವನು ಅರ್ಧ ಮುಖದ ನೊರೆಯೊಂದಿಗೆ ಎದ್ದು, ಹೆಗಲ ಮೇಲಿನ ಬಟ್ಟೆಯನ್ನೂ ಬಿಚ್ಚದೆ ಮನೆಗೆ ಓಡಿಬಂದಿದ್ದ. ಅಲ್ಲಿಗೆ ಕ್ಷೌರ ನಿಂತಿತು. ಗಡ್ಡ ಬೆಳೆಯಿತು, ಅದೂ ಅರ್ಧಂಬರ್ಧ ಬೆಳ್ಳಗೆ.

ತಾಯಿಯ ಕೈಗೆ ಸಿಗದೆ ಅವನು ವಾರಗಟ್ಟಲೆ ತಪ್ಪಿಸಿಕೊಂಡ. ಒಂದು ಬೆಳಿಗ್ಗೆ ಮನಸ್ಸು ತಡೆಯದೆ ಮಂಡಿಯೂರಿ, ಬಲಗೆನ್ನೆಯನ್ನಷ್ಟೇ ಮುಂದೆ ಮಾಡಿದ. ಬಸವಮ್ಮನ ಬೆರಳು ಗಡ್ಡದಲ್ಲಿ ಆಡಿ, ಹಣೆಯ ವಿಭೂತಿಗೆ ಹೋಗಿ, ಕೊರಳಿನ ಲಿಂಗದ ಕರಡಿಗೆಗೆ ಇಳಿಯಿತು. ಮುದುಕಿ ಧಡಕ್ಕನೆ ಕೈ ಹಿಂದಕ್ಕೆಳೆದುಕೊಂಡಳು.

"ಅಯ್ಯೋ, ಅಯ್ನೋರು! ಶಿವರಂಜಿನೀ, ಅಯ್ನೋರು ಬಂದಿದಾರೆ, ಕಾಲಿಗೆ ನೀರು ಕೊಡೇ!" ಎಂದು ಕೂಗಿದಳು. ತಡೆಯುವಷ್ಟರಲ್ಲಿ ಮಂಚದಿಂದ ಜಾರಿ ಇಳಿದು, ತಡಕಾಡಿ, ಮಗನ ಪಾದಕ್ಕೆ ಹಣೆ ಹಚ್ಚಿಬಿಟ್ಟಳು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆದರೆ ಹೆಗ್ಗಣ ತನ್ನದೇ ಎಂದು ಹೆತ್ತವರಿಗೆ ಗೊತ್ತಾಗಬೇಕಲ್ಲ? ಜಂಗಮನೆಂದು ತಿಳಿದು ತಾಯಿ ಕಾಲಿಗೆ ಬಿದ್ದ ಆ ದಿನ ನಾಗಭೂಷಣನಿಗೆ ತುತ್ತು ಇಳಿಯಲಿಲ್ಲ. ಅಂಗಡಿಯಲ್ಲಿ ಕೂತು ಪಾದವನ್ನು ಮತ್ತೆ ಮತ್ತೆ ಪಂಚೆಯೊಳಗೆ ಎಳೆದುಕೊಳ್ಳುತ್ತಿದ್ದ. ಸಂಜೆ ಹನುಮಂತನಗರದಲ್ಲಿರುವ ಮಗಳು ಬಿಂದುಶ್ರೀಗೆ ಫೋನ್ ಮಾಡಿ, "ಹೆಂಗಾದ್ರೂ ಮಾಡಿ ಶೇವ್ ಮಾಡ್ಕೋಬೇಕಮ್ಮ. ಅಮ್ಮ ಇನ್ನೊಂದ್ಸಲ ನನ್ನ ಕಾಲಿಗೆ ಬಿದ್ರೆ ನಾನು ಉಳಿಯಲ್ಲ" ಎಂದ.

ಬಿಂದುಶ್ರೀ ಮೊಬೈಲಿನಲ್ಲಿ ಹುಡುಕಿ ಒಂದು ಬ್ರಷ್ಷು ತರಿಸಿಕೊಟ್ಟಳು. ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನದು. "ಇದರಲ್ಲಿ ಸಾವಿರಾರು ರೂಪಾಯಿಂದೂ ಇದೆಯಪ್ಪಾ, ಇದು ಅಗ್ಗದ್ದು. ಆದ್ರೂ ತುಂಬ ಮೆತ್ತಗಿರತ್ತಂತೆ. ಹೊಸದರಲ್ಲಿ ಪ್ರಾಣಿ ವಾಸನೆ ಬರತ್ತೆ, ನಾಲ್ಕು ದಿನ ಸೋಪ್ ನೀರಲ್ಲಿ ತೊಳೆದು ತೊಳೆದು ಒಣಗಿಸಿ. ಆಮೇಲೆ ಮುಖಕ್ಕೆ ಹಾಕ್ಕೊಳ್ಳಿ, ತಿಳೀತಾ?" ಎಂದು ಹೇಳಿಯೂ ಹೋದಳು.

ಆತುರಗಾರನಿಗೆ ಬುದ್ಧಿ ಮಟ್ಟ. ಮರುದಿನ ಬೆಳಿಗ್ಗೆಯೇ ನಾಗಭೂಷಣ್ ಬಚ್ಚಲಲ್ಲಿ ಕೂತ. ಬ್ರಷ್ಷನ್ನು ಬಿಸಿನೀರಲ್ಲಿ ನೆನೆಸಿದ್ದೇ ತಡ, ಮಳೆಯಲ್ಲಿ ತೊಯ್ದ ನಾಯಿ ಮನೆಗೆ ನುಗ್ಗಿದಂಥ ವಾಸನೆ ಎದ್ದಿತು. "ಏನ್ರೀ ಅದು ಗಬ್ಬು! ದೇವರ ಮನೆ ಪಕ್ಕದಲ್ಲಿದೆ, ಜ್ಞಾನ ಇಲ್ವಾ?" ಎಂದು ಶಿವರಂಜಿನಿ ಅಡಿಗೆಮನೆಯಿಂದ ಕೂಗಿದಳು. ಅವನು ಬಾಗಿಲು ಮುಂದೆ ಮಾಡಿಕೊಂಡ. ಸೋಪಿನ ಮೇಲೆ ಬ್ರಷ್ಷು ಆಡಿಸಿದ. ದಟ್ಟವಾದ ಕೆನೆಯಂಥ ನೊರೆ ಬಂತು. ಮೊದಲು ಬಲಗೆನ್ನೆ. ಆಮೇಲೆ ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಎಡಕ್ಕೆ ತಾಗಿಸಿದ.

ಉರಿ ಬಂತು. ಆದರೆ ತಡೆದುಕೊಳ್ಳುವಷ್ಟು. ಕೂದಲು ಕೆನ್ನೆಯ ಮೇಲೆ ಇದೆಯೋ ಇಲ್ಲವೋ ಎಂಬಂತೆ ಓಡಾಡಿತು. ಎಷ್ಟೋ ದಿನಗಳ ಮೇಲೆ ಆ ಕೆನ್ನೆಯನ್ನು ಒಂದು ವಸ್ತು ನೋಯಿಸದೆ ಮುಟ್ಟಿತ್ತು. ನಾಗಭೂಷಣ್ ಕೂತಲ್ಲೇ ಅತ್ತುಬಿಟ್ಟ. ರೇಜರ್ ಎಳೆಯುವಾಗ ಎರಡು ಕಡೆ ಗೀರಿತು, ಜೀವ ಹೋದಂತಾಯಿತು, ಆದರೂ ನಿಲ್ಲಿಸಲಿಲ್ಲ. ನೀರು ಎರಚಿಕೊಂಡರೆ ಉರಿಯುತ್ತದೆಂದು ಉಳಿದ ನೊರೆಯನ್ನು ಟವೆಲಿನಿಂದ ಒತ್ತಿಕೊಂಡು ಎದ್ದ.

ಕ್ಷೌರವಾದ ಮೈಯಲ್ಲಿ ಯಾರನ್ನೂ ಮುಟ್ಟಬಾರದು, ಸ್ನಾನವಾಗಬೇಕು. ಇದು ಅವನೇ ಎಲ್ಲರಿಗೂ ಹೇಳುತ್ತಿದ್ದ ಮಾತು. ಅಂದು ಅದಕ್ಕೂ ಕಾಯಲಿಲ್ಲ. ನೇರ ಹೋಗಿ ಮಂಚದ ಬಳಿ ಮಂಡಿಯೂರಿ, ತಾಯಿಯ ಎರಡೂ ಅಂಗೈಗಳನ್ನು ತಾನೇ ಎತ್ತಿ ಕೆನ್ನೆಗಳಿಗೆ ಇಟ್ಟುಕೊಂಡ. ನೋವಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಬಸವಮ್ಮನ ಮುಖ ಅರಳಿತು. "ಭೂಷಣಾ! ಎಲ್ಲೋಗಿದ್ಯೋ ಇಷ್ಟು ದಿನ? ಊಟ ಮಾಡಿದ್ಯೇನೋ?"

"ಇಲ್ಲೇ ಇದ್ದೆ ಅಮ್ಮಾ. ಇಲ್ಲೇ ಇದ್ದೆ."

ಆ ತಾಯಿ ದೃಷ್ಟಿ ತೆಗೆಯಲೆಂದು ಕೈಗಳನ್ನು ತನ್ನ ಮುಖದತ್ತ ತಂದಳು. ಬೆರಳು ಮೂಗಿನ ಹತ್ತಿರ ಬಂದದ್ದೇ ನಿಂತುಹೋಯಿತು. ಮತ್ತೊಮ್ಮೆ ಮೂಸಿದಳು. ಮುಖದ ಬಣ್ಣವೇ ಇಳಿಯಿತು.

"ತರಕರಡಿ," ಎಂದಳು. "ತರಕರಡಿ ಬಂದೈತೆ."

ಗುಬ್ಬಿಯ ಕಡೆಯ ಹಳ್ಳಿ ಬಿಟ್ಟು ಬೆಂಗಳೂರಿಗೆ ಬಂದಮೇಲೆ ಮರೆತಿದ್ದ ಊರಿನ ಮಾತು ಅವಳ ಬಾಯಿಗೆ ಬಂದಿತ್ತು. ತರಕರಡಿ ಬ್ಯಾಡ್ಜರಿನಂಥದೇ ಒಂದು ಕಾಡುಪ್ರಾಣಿ, ಹೂತ ಹೆಣ ತೋಡುತ್ತದೆ ಎಂದು ಆ ಕಡೆಯವರ ನಂಬಿಕೆ. ಸತ್ತವರನ್ನು ಮಣ್ಣಿಗಿಡುವ ಜನಕ್ಕೆ ಅದರ ಹೆಸರೆತ್ತಿದರೇ ಭಯ. ಬ್ರಷ್ಷಿನ ಪ್ರಾಣಿ ಬೇರೆ, ಅದು ಯಾವುದೋ ದೂರದೇಶದ್ದು ಎಂದು ಬಿಂದುಶ್ರೀ ಆಮೇಲೆ ಎಷ್ಟು ಹೇಳಿದರೇನು, ಮೂಗು ಪಾಸ್‌ಪೋರ್ಟ್ ಕೇಳುವುದಿಲ್ಲ.

"ಕಲ್ಲು ಹೇರ್ರಿ, ಮುಳ್ಳು ಹಾಕ್ರಿ ಅಂತ ಬಡ್ಕೊಂಡೆ, ಯಾರೂ ಕೇಳಲಿಲ್ಲ," ಬಸವಮ್ಮ ನಡುಗುತ್ತಿದ್ದಳು. "ಹೊಲದಾಗೆ ಮಗಾನ ಮಣ್ಣು ಮಾಡಿ ಬಂದ್ರು. ಬೆಳಿಗ್ಗೆ ನಾನೇ ಹೋಗಿ ನೋಡಿದೆ. ಗುಂಡಿ ಬಾಯಿ ಬಿಟ್ಕೊಂಡಿತ್ತು. ಗುಂಡಿ ತುಂಬ ಇದೇ ವಾಸ್ನೆ."

ನಾಗಭೂಷಣನಿಗೆ ತನಗಿಂತ ಮೊದಲು ಒಂದು ಕೂಸು ಹುಟ್ಟಿ ಹೋಗಿತ್ತೆಂದಷ್ಟೇ ಗೊತ್ತಿತ್ತು. ಅಪ್ಪ ಆ ಮಾತೆತ್ತಿದವನಲ್ಲ. ಅಮ್ಮನೂ ಎತ್ತಿರಲಿಲ್ಲ. ಇಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವಳು ತನಗೆ ಉಣಿಸಿದ್ದಳೇ? ಅವನು ಎದ್ದ. ಬಚ್ಚಲಿಗೆ ಓಡಿ ಕೆನ್ನೆಗೆ ನೀರು ಎರಚಿ, ಉರಿ ಲೆಕ್ಕಿಸದೆ ಸೋಪಿನಿಂದ ಗಸಗಸ ಉಜ್ಜಿ ತೊಳೆದು ವಾಪಸು ಬಂದ. ಕೆನ್ನೆಯಿಂದ ರಕ್ತ ಜಿನುಗುತ್ತಿತ್ತು.

"ಅಮ್ಮಾ, ನಾನು ಭೂಷಣ. ನೋಡು, ಮುಟ್ಟಿ ನೋಡು. ನಿನ್ನ ಮಗ."

ಬಸವಮ್ಮ ಮುಟ್ಟಲಿಲ್ಲ. ದನಿ ಬಂದ ಕಡೆಗೆ, ಹೊರಗಿನವರೊಡನೆ ಮಾತಾಡುವ ಮರ್ಯಾದೆಯಲ್ಲಿ ಹೇಳಿದಳು: "ನನಗಿರೋನು ಒಬ್ಬನೇ ಮಗ, ಸ್ವಾಮಿ. ಅಲ್ಲಿ ಮಲಗವ್ನೆ. ನಾನು ಎದ್ದೋದ್ರೆ ಅದು ಬಂದ್ಬಿಡ್ತದೆ. ನಿಮಗೆ ಪುಣ್ಯ ಬರ್ತದೆ, ಒಸಿ ಹೊತ್ತು ಜೊತೆಗೆ ಕೂತ್ಕೊಳ್ರಿ."

ಶಿವರಂಜಿನಿ ಬಾಗಿಲಲ್ಲಿ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ನಾಗಭೂಷಣ್ ಕೆನ್ನೆಯ ರಕ್ತವನ್ನು ಟವೆಲಿನಿಂದ ಒತ್ತಿಕೊಂಡ.

"ಕೂತ್ಕೋತೀನಿ," ಎಂದ.

ಅಂದು ಚಿಕ್ಕಪೇಟೆಯ ಅಂಗಡಿ ತೆರೆಯಲಿಲ್ಲ. ಸ್ನಾನವಿಲ್ಲದೆ, ಪೂಜೆಯಿಲ್ಲದೆ ಅವನು ತಾಯಿಯ ಪಕ್ಕದಲ್ಲಿ ಕೂತು, ತಾನು ಎಂದೂ ನೋಡದ ಅಣ್ಣನನ್ನು ಕಾದ.